ಇಮಾಮ್ ಸಾಬರು ಕಿವಿಗೊಟ್ಟ ಕಮಾನುಗಳು

ಜೀಪಿನಲ್ಲಿ ಕೂತು ಸೊಂಟ ನೋಯಿಸಿಕೊಂಡವರು ಮೊದಲು ರಸ್ತೆಯನ್ನು ಬೈಯುತ್ತಾರೆ, ಆಮೇಲೆ ಡ್ರೈವರನ್ನು ಬೈಯುತ್ತಾರೆ, ಸರ್ಕಾರವನ್ನಂತೂ ಇಳಿಯುವ ತನಕ ಬೈಯುತ್ತಲೇ ಇರುತ್ತಾರೆ. ಇಳಿದ ಮೇಲೆ ಬಗ್ಗಿ ಗಾಡಿಯ ಕೆಳಗೆ ನೋಡುವವರು ಅಪರೂಪ. ನನ್ನ ಇಡೀ ನೌಕರಿ ನಡೆದದ್ದು ಆ ಗಾಡಿಯ ಕೆಳಗೆ. ಬಳ್ಳಾರಿಯ ಕೌಲ್ ಬಜಾರಿಗೆ ಹೊಂದಿಕೊಂಡಿದ್ದ ಒಂದು ಸರ್ಕಾರಿ ಶೆಡ್ಡಿನಲ್ಲಿ ಜೀಪುಗಳ ಕಮಾನು ಬಿಚ್ಚುವುದು, ಹದ ಮಾಡುವುದು, ಮತ್ತೆ ಕಟ್ಟುವುದು ನನ್ನ ಕೆಲಸ. ಅದು ಯಾವ ಇಲಾಖೆಯ ಶೆಡ್ಡು ಎಂದು ಹೇಳುವುದಿಲ್ಲ. ಹೇಳಿದರೆ ನನ್ನ ಓರಗೆಯ ನಿವೃತ್ತರು ಮನೆ ತನಕ ಬಂದು, ಚಹಾ ಕುಡಿದು, ಅದು ಹಾಗಲ್ಲ ಹೀಗೆ ಎಂದು ತಿದ್ದದೆ ಬಿಡುವುದಿಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಆಗಾಗ ಸಿಗುತ್ತಾರೆ. ನಿಮ್ಮ ಕಾಲದಲ್ಲಿ ಹೇಗಿತ್ತು ಸರ್ ಎಂದು ಕೇಳುತ್ತಾರೆ, ನಾನು ಬಾಯಿ ತೆರೆಯುವಷ್ಟರಲ್ಲಿ ಗಡಿಯಾರ ನೋಡುತ್ತಾರೆ. ಅವರದು ತಪ್ಪೆನ್ನಲಾರೆ, ನನ್ನ ಮಾತು ಉದ್ದವೇ. ಅದಕ್ಕೇ ಬರೆದಿಡುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟಿದ್ದೇನೆ. ಅದನ್ನು ತಿಳಿದುಕೊಂಡು ಯಾರ ಜೀಪೂ ನೆಟ್ಟಗಾಗುವುದಿಲ್ಲ.

ನಾನು ಕುರುಗೋಡಿನವನು. ಹೆಸರು ದೊಡ್ಡಬಸಪ್ಪ. ನಮ್ಮೂರಿನಲ್ಲಿ ಆ ಹೆಸರು ಕೂಗಿದರೆ ಓಣಿಗೆ ಇಬ್ಬರಾದರೂ ಓಗೊಡುತ್ತಾರೆ. ಅರವತ್ತರ ದಶಕದ ನಡುವೆ ಶೆಡ್ಡು ಸೇರಿದಾಗ ನನ್ನನ್ನು ಇಮಾಮ್ ಸಾಬರ ಕೈಕೆಳಗೆ ಹಾಕಿದರು. ಅವರು ಕೌಲ್ ಬಜಾರಿನವರೇ. ತಾತನ ಕಾಲದಿಂದ ಕುಲುಮೆಯ ಕೆಲಸ ಮಾಡಿಕೊಂಡು ಬಂದ ಮನೆತನ. ಕುದುರೆಗಾಡಿಗಳ ಕಮಾನು ಹೊಡೆಯುತ್ತಿದ್ದ ಕೈಗಳು ಜೀಪು ಬಂದ ಮೇಲೆ ಜೀಪಿನ ಕಮಾನು ಹೊಡೆದವು, ಅಷ್ಟೇ ವ್ಯತ್ಯಾಸ. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಶೆಡ್ಡಿನ ಸಾಹೇಬರು ಕೂಡ ಹಾಗೆಯೇ ಕರೆಯುತ್ತಿದ್ದರು. ನನ್ನನ್ನು ಉಸ್ತಾದರು ಮೊದಲ ದಿನದಿಂದಲೇ ಬಸ್ಯಾ ಎಂದರು, ಕೊನೆಯ ತನಕ ಬಸ್ಯಾ ಎಂದೇ ಅಂದರು.

ಕಮಾನು ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಕೂಡಿಸಿ, ನಡುವೆ ಬೋಲ್ಟು ಬಿಗಿದರೆ ಒಂದು ಕಮಾನು. ಎಲ್ಲಕ್ಕಿಂತ ಮೇಲಿನದು, ಉದ್ದವಾದದ್ದು, ಮೇನ್ ಪಟ್ಟಿ. ಅದರ ಎರಡೂ ತುದಿಗಳನ್ನು ಸುತ್ತಿ ಕಣ್ಣು ಮಾಡಿರುತ್ತಾರೆ. ಆ ಕಣ್ಣಿನೊಳಗೆ ಪಿನ್ನು ತೂರಿಸಿ ಗಾಡಿಯ ಚಾಸಿಗೆ, ಅಂದರೆ ಕೆಳಗಿನ ಚೌಕಟ್ಟಿಗೆ, ಹಿಡಿಸುವುದು. ಗಾಲಿ ತಗ್ಗಿಗೆ ಬಿದ್ದಾಗ ಪಟ್ಟಿಗಳು ಒಂದರ ಮೇಲೊಂದು ಜಾರಿ, ಬಗ್ಗಿ, ಪೆಟ್ಟನ್ನು ತಾವು ತಿಂದು ಮೇಲೆ ಕೂತವರಿಗೆ ಕಡಿಮೆ ಮಾಡಿ ಕೊಡುತ್ತವೆ. ಒಂದು ಪಟ್ಟಿ ಹೆಚ್ಚಾದರೆ ಗಾಡಿ ಎತ್ತಿ ಎತ್ತಿ ಹಾಕುತ್ತದೆ, ಒಂದು ಕಡಿಮೆಯಾದರೆ ಹೊಟ್ಟೆ ನೆಲಕ್ಕೆ ತಾಗುತ್ತದೆ. ಈ ಎರಡರ ನಡುವೆ ಹದ ಹಿಡಿಯುವುದರಲ್ಲಿ ನನ್ನ ಆಯುಷ್ಯ ಕಳೆಯಿತು.

ಮೊದಲ ವರ್ಷವೇ ನಗೆಪಾಟಲಾದೆ. ಸಿರುಗುಪ್ಪದ ಕಡೆಯಿಂದ ಒಂದು ಜೀಪು ಬಂತು. ಕಮಾನು ಸ್ವಲ್ಪವೂ ಬಗ್ಗುತ್ತಿಲ್ಲ, ಕಟ್ಟಿಗೆಯ ಬಂಡಿಯಲ್ಲಿ ಕೂತಂತಾಗುತ್ತದೆ ಎಂದು ದೂರು. ಉಸ್ತಾದರು ಊರಲ್ಲಿರಲಿಲ್ಲ. ನಾನು ಶೂರನಂತೆ ಪಟ್ಟಿಗಳು ದಪ್ಪವಾದವು ಎಂದು ತೀರ್ಮಾನಿಸಿ, ಸ್ಟೋರಿನಿಂದ ತೆಳು ಪಟ್ಟಿ ತರಿಸಲು ಹೇಳಿ, ಇಂಡೆಂಟು ಚೀಟಿಗೆ ಸಾಹೇಬರ ಸಹಿಯನ್ನೂ ಹಾಕಿಸಿಕೊಂಡೆ. ಉಸ್ತಾದರು ಬಂದು ಕೂತಲ್ಲಿಂದಲೇ ನೋಡಿದರು. ಕಮಾನಿಗೆ ಏನೂ ಆಗಿಲ್ಲ, ಎರೆ ಮಣ್ಣು ಕುಂತೈತಿ, ಮೊದಲು ಜಳಕ ಮಾಡ್ಸು ಎಂದರು. ಗದ್ದೆಯ ಕೆಸರು ಪಟ್ಟಿಗಳ ಸಂದಿಗೆ ಇಳಿದು, ಬಿಸಿಲಿಗೆ ಒಣಗಿ, ಅಷ್ಟೂ ಪಟ್ಟಿಗಳನ್ನು ಒಂದೇ ದಿಮ್ಮಿ ಮಾಡಿ ಹಿಡಿದಿತ್ತು. ಬಿಚ್ಚಿ, ತೊಳೆದು, ಗ್ರೀಸು ಸವರಿ ಕಟ್ಟಿದೆವು. ಗಾಡಿ ಮೆತ್ತಗಾಯಿತು. ಸಹಿ ಹಾಕಿಸಿದ ಇಂಡೆಂಟನ್ನು ವಾಪಸು ಕೇಳಲು ಹೋದಾಗ ಸಾಹೇಬರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಹುಡುಗರೇ, ತೊಳೆಯದೆ ಯಾವ ಕಮಾನಿನ ಬಗ್ಗೆಯೂ ಅಭಿಪ್ರಾಯ ಕೊಡಬೇಡಿ.

ಗಾದಿಲಿಂಗಪ್ಪ ಎಂಬ ಡ್ರೈವರಿದ್ದ. ಒಳ್ಳೆಯ ಮನುಷ್ಯ, ಆದರೆ ಆಳು ಭಾರಿ. ಅವನು ಹತ್ತಿ ಕೂತರೆ ಜೀಪು ಬಲಕ್ಕೆ ವಾಲುತ್ತಿತ್ತು. ಪೆಟ್ರೋಲ್ ಟಾಕಿಯೂ ಅವನ ಸೀಟಿನ ಕೆಳಗೇ ಇದ್ದದ್ದರಿಂದ ಟಾಕಿ ತುಂಬಿಸಿದ ದಿನ ಇನ್ನೂ ಹೆಚ್ಚು. ಅವನ ಸಾಹೇಬರಿಗೆ ಇದು ಸರಿಬರಲಿಲ್ಲ. ನಾವು ಅವನನ್ನೇ ಕೂರಿಸಿ, ಟಾಕಿ ತುಂಬಿಸಿ, ಬಲಗಡೆಯ ಕಮಾನಿನ ಬಾಗು ಎತ್ತರಿಸಿ, ಗಾಡಿಯನ್ನು ತಕ್ಕಡಿ ತೂಗಿದಂತೆ ಸಮ ಮಾಡಿ ಕಳಿಸಿದೆವು. ಸಾಹೇಬರು ಬಹಳ ಹೊಗಳಿದರು. ಆ ವರ್ಷವೇ ಗಾದಿಲಿಂಗಪ್ಪನಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಅವನ ಜಾಗಕ್ಕೆ ಬಂದವನು ಕಡ್ಡಿಯಂಥ ಆಸಾಮಿ. ಜೀಪು ಈಗ ಎಡಕ್ಕೆ ವಾಲತೊಡಗಿತು. ಎಡಗಡೆ ಸಾಹೇಬರೇ ಕೂರುತ್ತಿದ್ದರಾದ್ದರಿಂದ, ತಮ್ಮ ತೂಕದ ಬಗ್ಗೆ ಶೆಡ್ಡಿನವರು ಆಡಿಕೊಳ್ಳುತ್ತಾರೆ ಎಂದು ಅವರಿಗೆ ಅನುಮಾನ ಬಂತು. ಮನುಷ್ಯನಿಗೆ ತಕ್ಕಂತೆ ಗಾಡಿ ಕಟ್ಟಿದರೆ ಮನುಷ್ಯ ಹೋದಾಗ ಹೀಗಾಗುತ್ತದೆ. ಅಂದಿನಿಂದ ಉಸ್ತಾದರು ಸೀಟಿನ ಮೇಲೆ ಮರಳಿನ ಚೀಲ ಇಟ್ಟೇ ಗಾಡಿ ಸಮ ಮಾಡುತ್ತಿದ್ದರು.

ಇನ್ನೊಬ್ಬ ಅಧಿಕಾರಿಗೆ ತಮ್ಮ ಜೀಪು ಕಾರಿನಂತೆ ಮೆತ್ತಗಿರಬೇಕೆಂಬ ಆಸೆ. ಬೇಡವೆಂದರೂ ಕೇಳದೆ ಹಿಂದಿನ ಕಮಾನುಗಳಿಂದ ಒಂದೊಂದು ಪಟ್ಟಿ ತೆಗೆಸಿದರು. ಹೋಗುವಾಗ ತೊಟ್ಟಿಲಿನಂತೆ ಹೋದರಂತೆ. ಬರುವಾಗ ಸಿರುಗುಪ್ಪದಿಂದ ಅಕ್ಕಿ ಚೀಲಗಳನ್ನು ಹಾಕಿಸಿಕೊಂಡು ಬಂದರು. ಗಾಲಿಗಳು ಮೇಲಿನ ತಗಡಿಗೆ ಉಜ್ಜಿ ಉಜ್ಜಿ, ಜೀಪು ರಬ್ಬರು ಸುಟ್ಟ ವಾಸನೆಯೊಂದಿಗೆ ಶೆಡ್ಡಿಗೆ ಬಂತು. ಅಕ್ಕಿ ಯಾರದೆಂದು ನಾವು ಕೇಳಲಿಲ್ಲ. ಪಟ್ಟಿ ವಾಪಸು ಹಾಕಿ ಎಂದು ಅವರೂ ಬಾಯಿಬಿಟ್ಟು ಹೇಳಲಿಲ್ಲ. ನಾವೇ ತಿಳಿದು ಹಾಕಿದೆವು.

ಹೀಗೆ ನಗುವಂಥವು ಬಹಳ ಇವೆ. ಆದರೆ ಹೇಳಲೇಬೇಕಾದದ್ದು ಬೇರೆ ಇದೆ.

ತೊಳೆದ ಪಟ್ಟಿಯನ್ನು ಮತ್ತೆ ಗಾಡಿಗೆ ಕಟ್ಟುವ ಮೊದಲು ಅದು ಒಳಗೊಳಗೇ ಸೀಳಿದೆಯೋ ಇಲ್ಲವೋ ನೋಡಬೇಕು. ಕೂದಲೆಳೆಯಂಥ ಸೀಳು ಕಣ್ಣಿಗೆ ಕಾಣುವುದಿಲ್ಲ. ಕೆಲವು ತಿಂಗಳು ಸುಮ್ಮನಿದ್ದು, ಒಂದು ದಿನ ನಡುರಸ್ತೆಯಲ್ಲಿ ಪಟ್ಟಿಯನ್ನು ಎರಡು ಮಾಡುತ್ತದೆ. ಮುಂದಿನ ಗಾಲಿಯ ಮೇನ್ ಪಟ್ಟಿ ಮುರಿದರೆ ಸ್ಟೇರಿಂಗು ಡ್ರೈವರನ ಮಾತು ಕೇಳುವುದಿಲ್ಲ. ಆಗ ನಮ್ಮಲ್ಲಿದ್ದ ಪರೀಕ್ಷೆ ಎಂದರೆ ಉಸ್ತಾದರ ಕಿವಿ. ಪಟ್ಟಿಯನ್ನು ತಂತಿಯಲ್ಲಿ ತೊಲೆಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಗಟ್ಟಿ ಪಟ್ಟಿ ಗುಡಿಯ ಗಂಟೆಯಂತೆ ಬಹಳ ಹೊತ್ತು ನಾದ ಬಿಡುತ್ತದೆ. ಅದನ್ನು ಅವರು ಹಾಡುವುದು ಎನ್ನುತ್ತಿದ್ದರು. ಸೀಳಿದ್ದು ಗೊಗ್ಗರು ದನಿ ಮಾಡಿ ನಿಂತುಬಿಡುತ್ತದೆ. ಅದು ಕೆಮ್ಮುವುದು. ಹಾಡಿದ ಪಟ್ಟಿಯ ನಡುವೆ ಉಸ್ತಾದರು ಪಂಚಿನಿಂದ ಮೂರು ಚುಕ್ಕೆ ಹೊಡೆಯುತ್ತಿದ್ದರು. ಡ್ರೈವರುಗಳು ಹೊಸ ಕಮಾನು ಕಟ್ಟಿಸಿಕೊಂಡಾಗ ಮೊದಲು ಬಗ್ಗಿ ಆ ಚುಕ್ಕೆಗಳನ್ನು ಸವರಿ ನೋಡುತ್ತಿದ್ದರು. ಅವು ಕಾಣದೆ ಗಾಡಿ ಹೊರಗೆ ತೆಗೆಯದವರೂ ಇದ್ದರು.

ಕೌಲ್ ಬಜಾರಿನ ಮಸೀದಿ ಶೆಡ್ಡಿಗೆ ದೂರವಲ್ಲ. ಅಜಾನ್ ಕೇಳಿದರೆ ಶೆಡ್ಡಿನಲ್ಲಿ ಎಲ್ಲರೂ ಸುತ್ತಿಗೆ ಕೆಳಗಿಡುವುದು ವಾಡಿಕೆ. ಯಾರೂ ಆಜ್ಞೆ ಮಾಡಿದ್ದಲ್ಲ. ಉಸ್ತಾದರು ಕೈ ತೊಳೆದು ನಮಾಜಿಗೆ ಹೋಗುತ್ತಿದ್ದರು, ನಾವು ಬೀಡಿ ಚಹಾ ಮುಗಿಸಿಕೊಳ್ಳುತ್ತಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ನಾನೂ ಅವರೂ ಇಬ್ಬರೇ ಕುಲುಮೆಯಿಂದ ಕೆಂಪಗೆ ಕಾದ ಮೇನ್ ಪಟ್ಟಿಯನ್ನು ತೆಗೆದು ಬಾಗು ಕೊಡುತ್ತಿದ್ದೆವು. ಅಷ್ಟರಲ್ಲಿ ಅಜಾನ್ ಆಯಿತು. ಕಾದ ಉಕ್ಕನ್ನು ನಡುವೆ ಬಿಡುವಂತಿಲ್ಲ, ಆರಿದರೆ ಕೆಲಸ ಕೆಟ್ಟಿತು. ನಾನು ಹೊಡೆಯುತ್ತಲೇ ಇದ್ದೆ, ಮುಗಿದ ಮೇಲೆ ಅವರು ಹೋಗುತ್ತಾರೆಂದು. ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿದೆವು. ಉಸ್ತಾದರು ಮುಂದಿನ ಪಟ್ಟಿಯನ್ನು ಕುಲುಮೆಗೆ ಹಾಕಿದರು. ಆಮೇಲೆ ಇನ್ನೊಂದನ್ನು ಹಾಕಿದರು. ನೀರು ಕುಡಿಯಲು ಹೊರಗೆ ಹೋದವರು ಅಂಗಳದ ಬೇವಿನ ಮರದ ನೆರಳು ಎಲ್ಲಿಗೆ ಬಂದಿದೆ ಎಂದು ನೋಡಿ, ಹೊರಳಿ ನನ್ನ ಕೈಯನ್ನು ನೋಡಿದರು. ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಅವರ ಮುಖ ಇಳಿದುಹೋಯಿತು.

ಆಗ ತಿಳಿಯಿತು. ಇಷ್ಟು ದಿನ ಅವರು ಅಜಾನ್ ಕೇಳಿ ಏಳುತ್ತಿರಲಿಲ್ಲ, ನಮ್ಮ ಕೈ ನಿಂತದ್ದನ್ನು ನೋಡಿ ಏಳುತ್ತಿದ್ದರು. ಸುತ್ತಿಗೆಯ ಸದ್ದಿನಲ್ಲಿ ಎಲ್ಲರೂ ಮುಖ ನೋಡಿ ಕೂಗಿ, ಕೈಸನ್ನೆ ಮಾಡಿಯೇ ಮಾತಾಡುವ ಶೆಡ್ಡಿನಲ್ಲಿ ಅದು ಯಾರಿಗೂ ಗೊತ್ತಾಗಿರಲಿಲ್ಲ.

ನಾನು ಹತ್ತಿರ ಹೋದೆ. ಉಸ್ತಾದರೇ ಬಾಯಿಬಿಟ್ಟರು. “ಬೆರಳಿಗೆ ಗೊತ್ತಾಗತೈತಲೇ ಬಸ್ಯಾ. ಪಟ್ಟಿ ಬಾರಿಸಿ ಬೆರಳು ಇಟ್ರ ನಡುಗೋದು ತಿಳೀತೈತಿ. ನನ್ನ ಕೆಲಸಕ್ಕ ಏನೂ ಕಮ್ಮಿ ಆಗಿಲ್ಲ.” ಅವರು ಅದನ್ನು ನಂಬಿಯೇ ಹೇಳಿದ್ದು. ಪೆಟ್ಟು ಕೊಟ್ಟಾದ ಮೇಲೆ ಅವರು ಪಟ್ಟಿಯ ಮೇಲೆ ಬೆರಳ ತುದಿ ಇಡುತ್ತಿದ್ದುದನ್ನು ನಾನೂ ನೋಡಿದ್ದೆ. ವಯಸ್ಸಾದ ಉಸ್ತಾದರ ಒಂದು ಶೈಲಿ ಅಂದುಕೊಂಡಿದ್ದೆ. ಪಟ್ಟಿಯ ನಡುವಿನ ದೊಡ್ಡ ಸೀಳು ಹಾಗೆ ತಿಳಿಯುವುದೂ ನಿಜ. ಆದರೆ ತುದಿಯ ಕಣ್ಣಿನ ಬುಡದಲ್ಲಿ ಬಿಡುವ ಸೂಕ್ಷ್ಮ ಸೀಳು ಬೆರಳಿಗೆ ಸಿಗುವಂಥದಲ್ಲ, ಅದಕ್ಕೆ ಕಿವಿಯೇ ಬೇಕು.

ಮರುದಿನದಿಂದ ಅವರು ಪಟ್ಟಿ ಬಾರಿಸುವಾಗ ನಾನು ಎದುರಿಗೆ ನಿಲ್ಲತೊಡಗಿದೆ. ಹಾಡಿದರೆ ನಾನು ತಲೆಯಾಡಿಸುತ್ತಿದ್ದೆ, ಕೆಮ್ಮಿದರೆ ಕಣ್ಣು ಕೆಳಗೆ ಹಾಕುತ್ತಿದ್ದೆ. ಹೀಗೆ ಮಾಡೋಣವೆಂದು ನಾವು ಮಾತಾಡಿಕೊಂಡದ್ದೇ ಇಲ್ಲ. ಅವರು ನನ್ನ ಮುಖ ನೋಡಿ ಚುಕ್ಕೆ ಹೊಡೆಯುತ್ತಿದ್ದರು. ನಿವೃತ್ತಿಗೆ ಇನ್ನು ಸ್ವಲ್ಪ ಕಾಲವಷ್ಟೇ ಇತ್ತು. ಕಿವಿಯಿಲ್ಲವೆಂದು ಗೊತ್ತಾದರೆ ಡಾಕ್ಟರ ಹತ್ತಿರ ಕಳಿಸಿ, ಕೆಲಸಕ್ಕೆ ಬಾರದವರೆಂದು ಮನೆಗೆ ಕಳಿಸುವುದು ಖಂಡಿತ. ಆ ಮನುಷ್ಯ ಕುಲುಮೆ ಇಲ್ಲದೆ ಮನೆಯಲ್ಲಿ ಕೂರುವುದನ್ನು ನನಗೆ ಊಹಿಸಲೂ ಆಗುತ್ತಿರಲಿಲ್ಲ. ಇನ್ನು ಮುಂದೆ ಶೆಡ್ಡಿನಿಂದ ಕೆಟ್ಟ ಪಟ್ಟಿ ಹೋಗುವುದಿಲ್ಲವಲ್ಲ ಎಂದು ಇಬ್ಬರೂ ನೆಮ್ಮದಿಯಾಗಿದ್ದೆವು. ಆಗಲೇ ಹೋಗಿದ್ದ ಪಟ್ಟಿಗಳ ವಿಚಾರ ಇಬ್ಬರಿಗೂ ಹೊಳೆಯಲಿಲ್ಲ.

ಮುಂಗಾರು ಹಿಡಿದ ಕಾಲ. ಒಂದು ಬೆಳಿಗ್ಗೆ ಸಿರುಗುಪ್ಪದ ಕಡೆಯ ಹೆರಿಗೆ ಜೀಪಿನ ನರ್ಸಮ್ಮ ಶೆಡ್ಡಿಗೆ ಬಂದರು. ಹೆಸರು ಸುಶೀಲಮ್ಮ. ಹಣೆಯ ಮೇಲೆ ಹತ್ತಿ ಅಂಟಿಸಿದ್ದರು, ಸೀರೆಯ ಅಂಚಿಗೆ ಕೆಸರು ಒಣಗಿ ಹತ್ತಿತ್ತು. ಹಿಂದೆ ಡ್ರೈವರು ಗೋಣಿಚೀಲದಲ್ಲಿ ಏನನ್ನೋ ಹೊತ್ತು ತಂದು ಸಾಹೇಬರ ಕಾಲ ಹತ್ತಿರ ಸುರಿದ. ಮುರಿದ ಮೇನ್ ಪಟ್ಟಿ, ಎರಡು ತುಂಡು. ಹಿಂದಿನ ದಿನ ಕಾಲುವೆಯ ದಂಡೆಯ ಮೇಲೆ, ಬಾಣಂತಿಯನ್ನೂ ಮೂರು ದಿನದ ಕೂಸನ್ನೂ ಊರಿಗೆ ಬಿಡಲು ಹೋಗುವಾಗ ಪಟ್ಟಿ ಮುರಿದಿತ್ತು. ಜೀಪು ಒಂದೇ ಏಟಿಗೆ ಹೊರಳಿ ದಂಡೆಯಿಂದ ಇಳಿದುಹೋಗಿತ್ತು. ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ನಾಟಿ ಮಾಡಿದ ಗದ್ದೆ. ಹೊರಳಿದ್ದು ಗದ್ದೆಯ ಕಡೆಗೆ. ನರ್ಸಮ್ಮ ಕೂಸನ್ನು ಎದೆಗವಚಿಕೊಂಡು ತಮ್ಮ ತಲೆಯನ್ನು ಕಬ್ಬಿಣಕ್ಕೆ ಕೊಟ್ಟಿದ್ದರು. ಉಳಿದವರಿಗೆ ಕೆಸರಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಆಗಿನ ನಮ್ಮ ಸಾಹೇಬರು ಮೈಸೂರು ಕಡೆಯವರು, ವಯಸ್ಸು ಕಡಿಮೆ. ಶೆಡ್ಡಿಗೆ ಬಂದು ವರ್ಷವಾಗಿರಲಿಲ್ಲ. ಬಗ್ಗಿ ತುಂಡುಗಳನ್ನು ನೋಡಿದರು. ಪಟ್ಟಿ ಮುರಿದದ್ದು ಕಣ್ಣಿನ ಬುಡದಲ್ಲೇ. ಮುರಿದ ಮುಖದ ಅರ್ಧ ಭಾಗ ಹೊಳೆಯುತ್ತಿತ್ತು, ಅದು ನಿನ್ನೆಯ ಮುರಿತ. ಇನ್ನರ್ಧ ಕಪ್ಪಾಗಿ ತುಕ್ಕು ಹಿಡಿದಿತ್ತು, ಅದು ಬಹಳ ಹಳೆಯ ಸೀಳು. ಪಟ್ಟಿಯ ನಡುವೆ ಉಸ್ತಾದರ ಮೂರು ಚುಕ್ಕೆಗಳಿದ್ದವು. ನಾನು ಎದುರಿಗೆ ನಿಲ್ಲಲು ಶುರು ಮಾಡುವ ಮೊದಲು ಕಟ್ಟಿದ ಕಮಾನು ಅದು ಎಂದು ನೋಡಿದ ಕೂಡಲೇ ಗುರುತು ಸಿಕ್ಕಿತು.

“ನಾನು ಜಗಳಕ್ಕ ಬಂದಿಲ್ರಿ,” ಎಂದರು ನರ್ಸಮ್ಮ. “ನಾಳಿಂದ ಮತ್ತ ಇನ್ನೊಂದು ಜೀಪಿನಾಗ ಕುಂದ್ರಾಕಿ ನಾನು. ಅದರಾಗೂ ಇವೇ ಚುಕ್ಕಿ ಅದಾವು. ಅದರಾಗ ನಂಬಿ ಕುಂದರಬೇಕೋ ಬ್ಯಾಡೋ, ಅದೊಂದು ಹೇಳ್ರಿ ಸಾಕು.”

ಸಾಹೇಬರು ನನ್ನ ಕಡೆ ತಿರುಗಿದರು. ಇದು ನಮ್ಮ ಶೆಡ್ಡಿನಿಂದ ಹೋಗುವಾಗಲೇ ಸೀಳಿತ್ತೋ, ಹೋದ ಮೇಲೆ ಸೀಳಿತೋ, ನೀವು ಹೇಳಿ ಬಸಪ್ಪ ಎಂದರು. ಹೋದ ಮೇಲೆ ಎಂದುಬಿಟ್ಟರೆ ಮುಗಿಯಿತು. ಎರೆಭೂಮಿಯ ರಸ್ತೆಗಳಲ್ಲಿ ವರ್ಷದೊಳಗೆ ಸೀಳು ಬಿಟ್ಟ ಪಟ್ಟಿಗಳು ಬೇಕಾದಷ್ಟಿವೆ, ಯಾರೂ ಸುಳ್ಳೆನ್ನುವಂತಿರಲಿಲ್ಲ. ಉಸ್ತಾದರ ಮಾನ ಉಳಿಯುತ್ತಿತ್ತು. ನರ್ಸಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ಹೋದ ಮೇಲೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಉಸ್ತಾದರು ಒಬ್ಬೊಬ್ಬರ ತುಟಿಯನ್ನೂ ನೋಡುತ್ತ ನಿಂತಿದ್ದವರು ಮುಂದೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟು ನನ್ನನ್ನು ಪಕ್ಕಕ್ಕೆ ಸರಿಸಿದರು.

“ಅವನಿಗೆ ಕೇಳಬ್ಯಾಡ್ರಿ ಸಾಹೇಬ್ರ. ಬಾರಿಸಿ ನೋಡಿದೋನು ನಾನು. ನನಗ ಕಿವಿ ಕೇಳಸಂಗಿಲ್ಲ.”

ಶೆಡ್ಡಿನಲ್ಲಿದ್ದ ಅರ್ಧ ಜನ ಅವರ ಹತ್ತಿರ ಕೆಲಸ ಕಲಿತವರು. ಸಾಹೇಬರು ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರು ಸಿಟ್ಟಾಗಲಿಲ್ಲ, ಆದರೆ ಅದಕ್ಕಿಂತ ಕಷ್ಟದ ಪ್ರಶ್ನೆ ಕೇಳಿದರು. ಜಿಲ್ಲೆಯ ತುಂಬ ಓಡುತ್ತಿರುವ ನಮ್ಮ ಜೀಪುಗಳನ್ನೆಲ್ಲ ಮಳೆಗಾಲದಲ್ಲಿ ಒಟ್ಟಿಗೆ ನಿಲ್ಲಿಸುವಂತಿಲ್ಲ, ಹೆರಿಗೆಗಳೂ ನಿಲ್ಲುವುದಿಲ್ಲ. ಕಿವಿ ಹೋದ ಮೇಲೆ ಕಟ್ಟಿದವನ್ನು ಮೊದಲು ತರಿಸಬೇಕು. ಹಾಗಾದರೆ ಯಾವಾಗಿನಿಂದ ಕೇಳಿಸುತ್ತಿಲ್ಲ ಎಂದರು. ಉಸ್ತಾದರಿಗೆ ಅದು ತಿಳಿಯಲಿಲ್ಲ, ನನ್ನ ಕಡೆ ನೋಡಿದರು. ಆ ಪ್ರಶ್ನೆಯನ್ನು ಅವರ ಮುಖಕ್ಕೆ ಮುಖವಿಟ್ಟು, ತುಟಿ ಬಿಡಿಸಿ ಬಿಡಿಸಿ, ನಾನೇ ಕೇಳಬೇಕಾಯಿತು. ಇಡೀ ನೌಕರಿಯಲ್ಲಿ ನನಗೆ ಅಷ್ಟು ಭಾರವಾದ ಕೆಲಸ ಯಾವುದೂ ಬಿದ್ದಿಲ್ಲ.

ಉಸ್ತಾದರು ನನ್ನ ಕಡೆ ಬೆರಳು ಮಾಡಿದರು.

“ಕುರುಗೋಡಿಗೆ ಇವನ ಮದುವಿಗೆ ಹೋಗಿದ್ದೆ,” ಎಂದರು. “ವಾಲಗದೋರ ಬಾಜೂಕ ಕುಂತಿದ್ದೆ. ಡೋಲು ಎದಿಗೆ ಬಡೀತಿತ್ತು, ಅದು ತಿಳೀತಿತ್ತು. ಸನಾದಿಯವ ಗಲ್ಲ ಉಬ್ಬಿಸಿ ಊದಾಕ ಹತ್ತಿದ್ದ. ಎಲ್ಲಾರೂ ಅವನ ಕಡೆ ನೋಡತಿದ್ರು. ನನಗ ಏನೂ ಬರಲಿಲ್ಲ. ಅವತ್ತಿನಿಂದ ಹಿಡೀರಿ ಸಾಹೇಬ್ರ.”

ನನ್ನ ದೊಡ್ಡ ಮಗಳು ಆಗ ಎರಡನೆಯ ಕ್ಲಾಸಿಗೆ ಹೋಗುತ್ತಿದ್ದಳು.

ಅಷ್ಟು ವರ್ಷ. ಅಷ್ಟು ವರ್ಷ ಈ ಮನುಷ್ಯ ಕಣ್ಣು ಮುಚ್ಚಿ ಪಟ್ಟಿಯ ಮುಂದೆ ನಿಂತಿದ್ದರು. ಅವರ ಮುಖ ನೋಡಿ ನಾವೆಲ್ಲ ಗಪ್ಪಾಗುತ್ತಿದ್ದೆವು, ಅವರಿಗೆ ಕೇಳಿಸಲೆಂದು. ನನಗೆ ಮದುವೆಯ ದಿನ ನೆನಪಾಯಿತು. ವಾಲಗ ನಿಂತಾಗ ಉಸ್ತಾದರು ಎದ್ದು, ಬೀಗರು ತಮಗೆ ಹಾಕಿದ್ದ ಹಾರ ತೆಗೆದು ಆ ಸನಾದಿಯವನ ಕೊರಳಿಗೆ ಹಾಕಿ, ಅವನ ಬೆನ್ನು ತಟ್ಟಿದ್ದರು. ನಮ್ಮ ಮಾವನವರು ಆ ಮಾತನ್ನು ಬಹಳ ದಿನ ಆಡಿಕೊಂಡಿದ್ದರು.

ನರ್ಸಮ್ಮ ಉಸ್ತಾದರ ಹತ್ತಿರ ಬಂದು ನಿಂತರು. ಅವರ ಕಿವಿಗೆ ಕೂಗಬೇಕೋ ಬೇಡವೋ ತಿಳಿಯದೆ, ಕೈ ಮುಗಿದು ಹೊರಟುಹೋದರು. ಆ ಕೈಮುಗಿತದ ಅರ್ಥ ನನಗೆ ಈಗಲೂ ಪೂರ್ತಿ ತಿಳಿದಿಲ್ಲ. ಕ್ಷಮಿಸಿದ್ದೇನೆಂದೋ, ಬದುಕಿಸಿದಿರಿ ಎಂದೋ.

ಮುಂದಿನದನ್ನು ಸಾಹೇಬರ ಹೆಸರಿಗೆ ಬರೆಯಬೇಕು. ಅವರು ಉಸ್ತಾದರನ್ನು ಡಾಕ್ಟರ ಹತ್ತಿರ ಕಳಿಸಲಿಲ್ಲ. ಕಣ್ಣು ಹೇಗಿವೆ ಎಂದು ಮಾತ್ರ ಕೇಳಿದರು. ಕಣ್ಣು ಚೆನ್ನಾಗಿದ್ದವು. ಮರುದಿನ ಸಾಹೇಬರೇ ಅಂಗಿಯ ತೋಳು ಮಡಚಿ, ಒಂದು ತಗಡಿನ ತೊಟ್ಟಿಗೆ ಸೀಮೆಎಣ್ಣೆ ಸುರಿದು, ಪಟ್ಟಿಗಳನ್ನು ಅದರಲ್ಲಿ ನೆನೆಹಾಕಿದರು. ಆಮೇಲೆ ತೆಗೆದು, ಒಣಬಟ್ಟೆಯಿಂದ ತಿಕ್ಕಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದರು. ಗಟ್ಟಿ ಪಟ್ಟಿ ಬೆಳ್ಳಗೆ ಉಳಿಯಿತು. ನರ್ಸಮ್ಮ ತಂದಿದ್ದ ತುಂಡಿನ ಇನ್ನೊಂದು ಕಣ್ಣಿನ ಬುಡದಲ್ಲಿ ಸ್ವಲ್ಪ ಹೊತ್ತಿಗೆ ಒಂದು ಕಪ್ಪು ಗೆರೆ ಎದ್ದುಬಂತು. ಸೀಳಿನೊಳಗೆ ಇಳಿದಿದ್ದ ಎಣ್ಣೆ ಸುಣ್ಣವನ್ನು ನೆನೆಸಿ ತಾನಿರುವ ಜಾಗ ತೋರಿಸಿತ್ತು. ಉಸ್ತಾದರು ಆ ಗೆರೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ.

ಜೀಪುಗಳು ಸರದಿಯ ಮೇಲೆ ಬಂದವು. ಸಿರುಗುಪ್ಪದವು ಮೊದಲು, ಆಮೇಲೆ ಕುರುಗೋಡಿನ ಕಡೆಯವು. ಉಸ್ತಾದರು ಪ್ರತಿ ಪಟ್ಟಿಯ ಮೇಲಿನ ತಮ್ಮ ಚುಕ್ಕೆಗಳನ್ನು ಅರದಿಂದ ತಿಕ್ಕಿ ಅಳಿಸಿದ ಮೇಲೆಯೇ ಅದನ್ನು ಎಣ್ಣೆಗೆ ಬಿಡುತ್ತಿದ್ದರು. ಆ ಕೆಲಸಕ್ಕೆ ಯಾರನ್ನೂ ಹತ್ತಿರ ಬಿಡಲಿಲ್ಲ. ಹೆಚ್ಚಿನವು ಬೆಳ್ಳಗೆ ಉಳಿದವು. ಬೆರಳು ಅಷ್ಟೇನೂ ಮೋಸ ಮಾಡಿರಲಿಲ್ಲ. ಆದರೂ ಕೆಲವುಗಳಲ್ಲಿ ಗೆರೆ ಎದ್ದಿತು. ಗೆರೆ ಎದ್ದಾಗಲೆಲ್ಲ ಅವರು ಪಟ್ಟಿಯನ್ನು ಬದಿಗಿಟ್ಟು, ಅದು ಬಂದ ಜೀಪಿನ ಡ್ರೈವರನ್ನು ಕರೆದು, ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಿದ್ದರು. ಉತ್ತರ ಅವರಿಗೆ ಕೇಳಿಸುತ್ತಿರಲಿಲ್ಲ, ಆದರೂ ಕೇಳುತ್ತಿದ್ದರು. ಡ್ರೈವರುಗಳು ಬೆರಳು ಎತ್ತಿ ತೋರಿಸುತ್ತಿದ್ದರು.

ಹುಡುಗರೇ, ಈಗ ನಿಮಗೆ ಯಂತ್ರಗಳಿವೆ. ಸೀಳು ಹುಡುಕಲು ಕಿವಿಯೂ ಬೇಡ, ಸೀಮೆಎಣ್ಣೆಯೂ ಬೇಡ. ಒಳ್ಳೆಯದೇ ಆಯಿತು. ನಾನು ಹೇಳುವುದು ಇಷ್ಟೇ. ನಿಮ್ಮಲ್ಲಿ ಯಾವುದೋ ಒಂದು ಕಡಿಮೆಯಾಗುತ್ತಿದೆ ಎಂದು ನಿಮಗೆ ಮೊದಲು ತಿಳಿಯುವ ದಿನ ಬರುತ್ತದೆ, ಕಣ್ಣೋ, ಕೈಯೋ, ನೆನಪೋ. ಅಂದು ಯಾರಿಗೆ ಹೇಳಬೇಕು ಎಂಬುದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಉಸ್ತಾದರಿಗೂ ಕಲಿಸಿರಲಿಲ್ಲ.

ಕೊನೆಯ ಜೀಪಿನ ಪಟ್ಟಿಗಳು ಬಂದ ದಿನ ನಾವಿಬ್ಬರೇ ತೊಟ್ಟಿಯ ಎರಡು ಕಡೆ ಕೂತಿದ್ದೆವು. ಮೊಣಕೈ ತನಕ ಸೀಮೆಎಣ್ಣೆ. ಉಸ್ತಾದರು ಪಟ್ಟಿಯನ್ನು ಒರೆಸುತ್ತ ಒರೆಸುತ್ತ ನಿಂತರು. ಬಹಳ ದಿನದಿಂದ ಕೇಳಬೇಕೆಂದಿದ್ದವರಂತೆ ತಲೆಯೆತ್ತಿದರು.

“ಲೇ ಬಸ್ಯಾ, ನಿನ್ನ ಮದುವಿಯಾಗ ಆ ಸನಾದಿಯವ ಹೆಂಗ ಊದಿದ?”

ನಮ್ಮ ಕಡೆಯವರು ಗೊತ್ತುಮಾಡಿದ್ದ ವಾಲಗದವನು ಜ್ವರ ಬಂದು ಮಲಗಿ, ಅವನ ಬದಲು ಯಾರೋ ಬಂದಿದ್ದ. ಮುಹೂರ್ತದ ಹೊತ್ತಿಗೆ ಅವನ ಸನಾದಿ ಕಿರುಚಿದ ಕಿರುಚಿಗೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದರು. ಅಂಥವನಿಗೆ ಉಸ್ತಾದರು ಹಾರ ಹಾಕಿದ್ದಕ್ಕೇ ನಮ್ಮ ಮಾವನವರು ಅಷ್ಟು ದಿನ ಆಡಿಕೊಂಡದ್ದು. ಚೆನ್ನಾಗಿ ಊದಿದ ಎಂದುಬಿಡಬಹುದಿತ್ತು. ಆದರೆ ಆ ಮನುಷ್ಯನಿಗೆ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

“ಭಾಳ ಕೆಟ್ಟ ಊದಿದ್ರಿ ಉಸ್ತಾದ್ರ,” ಎಂದೆ. ಅವರಿಗೆ ತಿಳಿಯಲಿಲ್ಲ. ತುಟಿ ಬಿಡಿಸಿ ಇನ್ನೊಮ್ಮೆ ಹೇಳಿದೆ.

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ತಿಳಿದ ಕೂಡಲೇ ಅವರ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ, ಮೈ ಕುಲುಕುವಂತೆ ನಕ್ಕರು.

“ಹಂಗಾರ ನಾನೇನೂ ಕಳಕೊಂಡಿಲ್ಲ ಅನ್ನು,” ಎಂದರು.

ನಾನೂ ನಗಲು ನೋಡಿದೆ. ಆಗಲಿಲ್ಲ. ಕಣ್ಣೊರೆಸಿಕೊಳ್ಳೋಣವೆಂದರೆ ಕೈತುಂಬ ಸೀಮೆಎಣ್ಣೆ.